ಕವಿಚಕ್ರವರ್ತಿ ರನ್ನನೂ ಯೋಧರ ವಿದ್ಯೆಯೂ

ಕತ್ತಿ ಹಿಡಿಯಬೇಕಾದ ತರುಣನಿಗೆ ಕಾವ್ಯಪಾಠವೇತಕ್ಕೆ ಎಂಬ ಪ್ರಶ್ನೆಯು ಸೈನಿಕ ವಿದ್ಯಾಲಯಗಳ ಮಾತು ಬಂದಾಗಲೆಲ್ಲ ಏಳುವದುಂಟು. ಗಣಿತವೂ ಭೂಗೋಲವೂ ಶಸ್ತ್ರಾಭ್ಯಾಸವೂ ಅವನಿಗೆ ಬೇಕೆಂಬುದನ್ನು ಯಾರೂ ಅಲ್ಲಗಳೆಯರು. ಸಾಹಿತ್ಯದ ವಿಷಯದಲ್ಲಿ ಮಾತ್ರ ಎರಡು ಪಕ್ಷಗಳಾಗುವವು. ಕಾವ್ಯವು ಎದೆಯನ್ನು ಮೆತ್ತಗೆ ಮಾಡುವದಾದ್ದರಿಂದ ಯೋಧನಿಗೆ ಅದು ಸಲ್ಲದೆಂದು ಒಂದು ಪಕ್ಷದವರು ಹೇಳುವರು. ರಣೋತ್ಸಾಹವನ್ನು ಕೆರಳಿಸುವ ನಾಲ್ಕು ಹಾಡುಗಳಿದ್ದರೆ ಸಾಕೆಂದು ಇನ್ನೊಂದು ಪಕ್ಷದವರು ಹೇಳುವರು. ಈ ಎರಡು ಮಾತುಗಳಿಗೂ ಉತ್ತರವಾಗಬಲ್ಲ ಪುರುಷನೊಬ್ಬನು ಸಾವಿರ ವರ್ಷಗಳ ಹಿಂದೆ ನಮ್ಮ ನಾಡಿನಲ್ಲಿಯೇ ಬಾಳಿದನು. ಅವನೇ ಮುಧೋಳದ ರನ್ನ. ದಂಡನಾಯಕರ ಆಶ್ರಯದಲ್ಲಿ ಬೆಳೆದು, ಯುದ್ಧವೇ ವೃತ್ತಿಯಾದ ಅರಸುಮಗನನ್ನು ನಾಯಕನಾಗಿ ಮಾಡಿಕೊಂಡು ಯುದ್ಧಕಾವ್ಯವನ್ನು ಬರೆದ ಈ ಮಹಾಕವಿಯ ಚರಿತ್ರೆಯನ್ನು ಆ ದೃಷ್ಟಿಯಿಂದ ನಮ್ಮ ವಾಚಕರ ಮುಂದೆ ಇಡಬೇಕೆಂದು ಎಣಿಸಿದ್ದೇವೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳನ್ನೊಳಗೊಂಡ ಸೀಮೆಯು ಕೃಷ್ಣಾ ಘಟಪ್ರಭೆಗಳ ಆಸರೆಯಲ್ಲಿರುವದು. ಇಂದು ಕಬ್ಬಿಗೂ, ಮಗ್ಗದ ಸೀರೆಗಳಿಗೂ ಹೆಸರಾದ ಈ ನಾಡಿಗೆ ಆಯುಧದ ಪರಿಚಯವೂ ಹಳೆಯದೇ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಬ್ರಿಟಿಷ್ ಸರಕಾರದ ಆಜ್ಞೆಯನ್ನು ಧಿಕ್ಕರಿಸಿ ಪ್ರಾಣ ತೆತ್ತ ಹಲಗಲಿಯ ಬೇಡರು ಮುಧೋಳ ಸಂಸ್ಥಾನದವರು. ಅವರ ಕಥೆಯನ್ನು ಜನರ ನಾಲಗೆಯ ಮೇಲೆ ಉಳಿಸಿದ್ದು ಲಾವಣಿ. ವೀರನೊಬ್ಬನು ಮಡಿದರೆ ಅವನ ಹೆಸರನ್ನು ಕಾಯತಕ್ಕವನು ಕವಿಯೆಂಬುದನ್ನು ಇಲ್ಲಿಯ ಜನರಿಗೆ ಬೇರೆಯಾಗಿ ಹೇಳಬೇಕಾದುದಿಲ್ಲ. ಆದರೆ ಕವಿಯ ಕೆಲಸವು ಅಷ್ಟಕ್ಕೇ ಮುಗಿಯುವದೊ ಎಂಬುದು ವಿಚಾರಾರ್ಹವಾದದ್ದು.

ರನ್ನನು ಹುಟ್ಟಿದ್ದು ಕ್ರಿ.ಶ. 949ರಲ್ಲಿ. ಅಂದಿನ ಮುದುವೊಳಲೇ ಇಂದಿನ ಮುಧೋಳ. ಅದು ಜಂಬುಖಂಡಿ ಎಪ್ಪತ್ತೆಂಬ ನಾಡಿಗೆ ಸೇರಿದ್ದಿತು. ಆ ಜಂಬುಖಂಡಿಯೇ ಇಂದಿನ ಜಮಖಂಡಿ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ದೃಢಬಾಹು, ರೇಚಣ, ಮಾರಮಯ್ಯರೆಂಬವರು ಒಡಹುಟ್ಟಿದವರು. ಮನೆತನವು ಬಳೆಗಾರ ಜೈನರದು. ಬಳೆಯ ಮಲಾರವನ್ನು ಹೊತ್ತು ಊರೂರು ತಿರುಗುವ ಕುಲದಲ್ಲಿ ಹುಟ್ಟಿದ ಹುಡುಗನಿಗೆ ಶಾಸ್ತ್ರವಿದ್ಯೆಯ ಹಂಬಲ ಹತ್ತಿದ್ದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಲ್ಲ. ಮುಂದೆ ಚಕ್ರವರ್ತಿಯ ಆಸ್ಥಾನದಲ್ಲಿ ಮೆರೆದಾಗಲೂ ರನ್ನನು ತನ್ನ ಹುಟ್ಟನ್ನು ಮುಚ್ಚಿಡಲಿಲ್ಲ. ಊರು, ಕುಲ, ತಾಯಿತಂದೆಗಳೆಲ್ಲವನ್ನೂ ತನ್ನ ಕಾವ್ಯದಲ್ಲಿ ಬಿಚ್ಚುಮನಸ್ಸಿನಿಂದ ಹೇಳಿಕೊಂಡನು. ನಮಗೆ ಇಷ್ಟು ವಿವರ ತಿಳಿದಿರುವದು ಆ ಸತ್ಯಸಂಧತೆಯಿಂದಲೇ.

ವಿದ್ಯಾರ್ಥಿಯಾಗಿ ಅವನು ಅಜಿತಸೇನಾಚಾರ್ಯರ ಅಡಿಗಳನ್ನು ಸೇರಿದನು. ಈ ಆಚಾರ್ಯರ ಶಿಷ್ಯಮಂಡಲವನ್ನು ನಮ್ಮ ವಾಚಕರು ಲಕ್ಷ್ಯವಿಟ್ಟು ನೋಡಬೇಕು. ಗಂಗವಂಶದ ದೊರೆ ಮಾರಸಿಂಹನು ಅವರ ಶಿಷ್ಯ. ಅವನು ರಾಷ್ಟ್ರಕೂಟರ ಪರವಾಗಿ ಅನೇಕ ಯುದ್ಧಗಳನ್ನು ಮಾಡಿದ ವೀರನು. ಕೊನೆಗೆ ರಾಜ್ಯವನ್ನು ತೊರೆದು, ಬಂಕಾಪುರದಲ್ಲಿ ಅದೇ ಗುರುಗಳ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟನು. ಆ ದೊರೆಯ ಮಂತ್ರಿಯೂ ದಂಡನಾಯಕನೂ ಆದ ಚಾವುಂಡರಾಯನು ಇನ್ನೊಬ್ಬ ಶಿಷ್ಯ. ಬಳೆಗಾರರ ಮಗ ರನ್ನನು ಮತ್ತೊಬ್ಬನು. ಒಬ್ಬ ಅರಸು, ಒಬ್ಬ ಸೇನಾಪತಿ, ಒಬ್ಬ ಕವಿ. ಮೂವರಿಗೂ ಗುರುವು ಇರುವೆಯನ್ನು ಕೂಡ ತುಳಿಯದ ಅಹಿಂಸಾವ್ರತಿಯಾದ ಮುನಿ! ನಮ್ಮ ಪೂರ್ವಿಕರು ಯೋಧನ ಕೈಗೆ ಆಯುಧವನ್ನು ಕೊಡುವವನೊಬ್ಬನಾದರೆ, ಅವನ ಮನಸ್ಸನ್ನು ತಿದ್ದುವವನು ಇನ್ನೊಬ್ಬನಿರಬೇಕೆಂದು ಬಗೆದಿದ್ದರೆಂಬುದಕ್ಕೆ ಇದಕ್ಕಿಂತ ಮಿಗಿಲಾದ ಪ್ರಮಾಣ ಬೇಕೆ?

ಚಾವುಂಡರಾಯನು ಈ ಶಿಕ್ಷಣದ ಫಲವನ್ನು ಎಲ್ಲರೂ ಕಾಣುವಂತೆ ಲೋಕಕ್ಕೆ ಕೊಟ್ಟವನು. ಸಮರಪರಶುರಾಮನೆಂಬ ಬಿರುದನ್ನು ಪಡೆದ ಆ ದಂಡನಾಯಕನು 978ರಲ್ಲಿ ಅರವತ್ಮೂರು ಮಹಾಪುರುಷರ ಚರಿತ್ರೆಯನ್ನು ಕನ್ನಡ ಗದ್ಯದಲ್ಲಿ ಬರೆದನು. ಚಾವುಂಡರಾಯ ಪುರಾಣವೆಂದು ಹೆಸರಾದ ಆ ಗ್ರಂಥವು ಕನ್ನಡ ಗದ್ಯದ ಹಳೆಯ ನಿಧಿಗಳಲ್ಲೊಂದು. ಶ್ರವಣಬೆಳಗೊಳದ ಬೆಟ್ಟದ ಮೇಲೆ ಗೊಮ್ಮಟನನ್ನು ಕಡೆಯಿಸಿದವನೂ ಅವನೇ. ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ನಿಂತ ಬಾಹುಬಲಿಯ ಮೂರ್ತಿಯನ್ನು ನಿಲ್ಲಿಸಿದವನು ಒಬ್ಬ ಸೇನಾಪತಿಯೆಂಬುದನ್ನು ನೆನೆದಾಗ, ಅವನು ಓದಿದ ವಿದ್ಯೆ ಎಂತಹದೆಂಬುದು ತಿಳಿಯುವದು. ಇಂಥವನ ಆಶ್ರಯದಲ್ಲಿ ರನ್ನನು ಕವಿಯಾಗಿ ಕಣ್ದೆರೆದನು. ಅವನ ಪರಶುರಾಮಚರಿತವು ಇಂದು ದೊರೆಯದಿದ್ದರೂ, ಅದು ಈ ಒಡೆಯನನ್ನು ಕುರಿತ ಕಾವ್ಯವಾಗಿರಬೇಕೆಂದು ವಿದ್ವಾಂಸರು ಎಣಿಸುವರು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ಕಾಣುವ ಕವಿರತ್ನನೆಂಬ ಬರಹವು ರನ್ನನದೇ ಎಂದು ಹೇಳುತ್ತಾರೆ. ಉಪಕಾರಸ್ಮರಣೆಯು ಅವನಲ್ಲಿ ಎಷ್ಟಿತ್ತೆಂದರೆ, ತನ್ನ ಮಗನಿಗೆ ಅವನು ರಾಯನೆಂದೇ ಹೆಸರಿಟ್ಟನು.

ಇಷ್ಟರಲ್ಲಿ ನಾಡಿನ ರಾಜಕಾರಣವು ಬುಡಮೇಲಾಯಿತು. 973ರಲ್ಲಿ ಚಾಲುಕ್ಯ ತೈಲಪನು ರಾಷ್ಟ್ರಕೂಟರ ಕೊನೆಯ ಚಕ್ರವರ್ತಿ ಕರ್ಕನನ್ನು ಸೋಲಿಸಿ ರಾಜ್ಯವನ್ನು ವಶಪಡಿಸಿಕೊಂಡನು. ರನ್ನನ ಹುಟ್ಟೂರು ಹೊಸ ಚಕ್ರವರ್ತಿಯ ಆಳಿಕೆಗೆ ಒಳಪಟ್ಟಿತು. ದಕ್ಷಿಣದಲ್ಲಿ ಪಕ್ವನಾದ ಕವಿಯು ಉತ್ತರಕ್ಕೆ ಮರಳಿ ತೈಲಪನ ಆಸ್ಥಾನವನ್ನು ಸೇರಿ, ಕವಿಚಕ್ರವರ್ತಿಯೆಂಬ ಬಿರುದನ್ನೂ ರಾಜಮರ್ಯಾದೆಗಳನ್ನೂ ಪಡೆದನು. ಬಳೆಗಾರ ಜಿನವಲ್ಲಭನ ಮಗನಿಗೆ ಸಂದ ಈ ಗೌರವವು ವಿದ್ಯೆಗೆ ಸಂದ ಗೌರವ.

ಇಲ್ಲಿ ಅವನಿಗೆ ದೊರೆತ ಮತ್ತೊಂದು ಆಶ್ರಯವು ದಾನಚಿಂತಾಮಣಿ ಅತ್ತಿಮಬ್ಬೆಯದು. ಆ ಮನೆತನವೂ ಯೋಧರದೇ. ಅವಳ ತಂದೆ ಮಲ್ಲಪನೂ ಚಿಕ್ಕಪ್ಪ ಪುನ್ನಮಯ್ಯನೂ ಪೊನ್ನಕವಿಯಿಂದ ಶಾಂತಿಪುರಾಣವನ್ನು ಬರೆಯಿಸಿದವರು. ಪುನ್ನಮಯ್ಯನು ಕಾವೇರಿಯ ತೀರದ ಕಾಳಗದಲ್ಲಿ ಮಡಿದನು. ಅವಳ ಗಂಡ ನಾಗದೇವನೂ ದಂಡನಾಯಕನಾಗಿದ್ದು ಅಕಾಲದಲ್ಲಿ ಮೃತನಾದನು. ಅವನ ಇನ್ನೊಬ್ಬ ಹೆಂಡತಿ, ಅತ್ತಿಮಬ್ಬೆಯ ಒಡಹುಟ್ಟಿದ ಗುಂಡಮಬ್ಬೆಯು ಸಹಗಮನ ಮಾಡಿದಳು. ಅತ್ತಿಮಬ್ಬೆಯು ಮಗನಿಗಾಗಿ ಬದುಕಿದಳು, ಧರ್ಮಕ್ಕಾಗಿ ಬದುಕಿದಳು, ಸಾಹಿತ್ಯಕ್ಕಾಗಿಯೂ ಬದುಕಿದಳು. ಅಚ್ಚಿನ ಯಂತ್ರವಿಲ್ಲದ ಆ ಕಾಲದಲ್ಲಿ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು; ಲಕ್ಕುಂಡಿಯಲ್ಲಿ ಜಿನಾಲಯವನ್ನು ಕಟ್ಟಿಸಿದಳು. ಅವಳ ಪ್ರೇರಣೆಯಿಂದ ರನ್ನನು 993ರಲ್ಲಿ ಅಜಿತಪುರಾಣವನ್ನು ಮುಗಿಸಿದನು. ತನ್ನ ಮಗಳಿಗೆ ಅವಳ ಹೆಸರನ್ನೇ ಇಟ್ಟನು. ರಣದಲ್ಲಿ ಗಂಡಸರನ್ನು ಕಳೆದುಕೊಂಡ ಮನೆಯ ದುಃಖವನ್ನು ರನ್ನನು ಇಷ್ಟು ಹತ್ತಿರದಿಂದ ಬಲ್ಲವನಾಗಿದ್ದನೆಂಬುದನ್ನು ಅವನ ಯುದ್ಧಕಾವ್ಯವನ್ನು ಓದುವಾಗ ಮರೆಯಲಾಗದು.

ಆ ಕಾವ್ಯವೇ ಗದಾಯುದ್ಧ. ಸಾಹಸಭೀಮವಿಜಯವೆಂದು ಅದರ ಇನ್ನೊಂದು ಹೆಸರು. ತೈಲಪನ ಮಗ ಸತ್ಯಾಶ್ರಯ ಇರಿವಬೆಡಂಗನು ಅದರ ನಾಯಕನು. ಪಂಪನು 941ರಲ್ಲಿ ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನಿಗೆ ಹೋಲಿಸಿದಂತೆ, ರನ್ನನು ಸತ್ಯಾಶ್ರಯನನ್ನು ಭೀಮನೊಡನೆ ಒಂದುಗೂಡಿಸಿದನು. ಹತ್ತು ಆಶ್ವಾಸಗಳ ಈ ಚಂಪೂಕಾವ್ಯವು ಭಾರತಯುದ್ಧದ ಕೊನೆಯ ದಿನದಲ್ಲಿ ನಿಂತು, ಸಿಂಹವು ಹಿಂದಿರುಗಿ ನೋಡುವಂತೆ ಹಿಂದಿನ ಕಥೆಯನ್ನೆಲ್ಲ ನೋಡುವದು. ದ್ರೌಪದಿಯ ಅಪಮಾನ, ಭೀಮನ ಪ್ರತಿಜ್ಞೆ, ವೈಶಂಪಾಯನ ಸರೋವರದ ತಣ್ಣೀರಿನಲ್ಲಿ ಅಡಗಿದ ವೈರಿಗೂ ನಡುಕ ಹುಟ್ಟಿಸುವ ಅವನ ಗರ್ಜನೆ, ಕೊನೆಗೆ ತೊಡೆಯನ್ನು ಮುರಿಯುವ ಗದಾಪ್ರಹಾರ, ಇವುಗಳಲ್ಲಿ ವೀರರಸಕ್ಕೆ ಏನೂ ಕಡಿಮೆಯಿಲ್ಲ. ಕಾವ್ಯದ ಕೊನೆಗೆ ಪಟ್ಟವನ್ನೂ ಭೀಮನಿಗೇ ಕಟ್ಟಿಸಿ ರನ್ನನು ಒಡೆಯನ ಋಣವನ್ನು ಪೂರ್ತಿಯಾಗಿ ತೀರಿಸಿದನು.

ಆದರೆ ಕಾವ್ಯದ ಹೃದಯವಿರುವದು ಬೇರೊಂದು ಕಡೆಗೆ. ಎಲ್ಲರನ್ನೂ ಕಳೆದುಕೊಂಡ ದುರ್ಯೋಧನನು ಸಂಜಯನ ಕೈಹಿಡಿದು, ಶರಶಯ್ಯೆಯಲ್ಲಿದ್ದ ಭೀಷ್ಮನನ್ನು ಕಾಣಲು ರಣರಂಗದ ನಡುವೆ ನಡೆದುಹೋಗುವನು. ಹೆಣಗಳ ಮೇಲೆ ಎಡವುತ್ತ, ಮರುಳುಗಳ ಹಾಸ್ಯಕ್ಕೆ ಗುರಿಯಾಗುತ್ತ ಸಾಗುವ ಆ ದಾರಿಯಲ್ಲಿ ಅವನು ಗುರು ದ್ರೋಣನನ್ನು ಕಾಣುವನು, ಹೆತ್ತ ಮಗ ಲಕ್ಷಣಕುಮಾರನನ್ನು ಕಾಣುವನು, ತಮ್ಮ ದುಶ್ಶಾಸನನನ್ನೂ ಪ್ರಾಣಮಿತ್ರ ಕರ್ಣನನ್ನೂ ಕಾಣುವನು. ಕಂಡು ಕಂಡಲ್ಲಿ ಅಳುವನು. ವೈರಿಯ ಮಗನಾದ ಅಭಿಮನ್ಯುವಿನ ಹೆಣದ ಮುಂದೆಯೂ ಅವನು ನಿಲ್ಲುವನು. ಆ ಬಾಲವೀರನ ಶೌರ್ಯವನ್ನು ಮನಸಾರೆ ಕೊಂಡಾಡಿ, ಅಂಥ ಮರಣವು ತನಗೂ ಬರಲೆಂದು ಹಾರೈಸುವನು. ಭೀಷ್ಮನು ಸಂಧಿಯ ಮಾತನ್ನು ಆಡಿದಾಗ, ಸತ್ತವರನ್ನು ಮರೆತು ತಾನೊಬ್ಬನೇ ರಾಜ್ಯವನ್ನುಣ್ಣಲು ಅವನ ಮನಸ್ಸೊಪ್ಪುವದಿಲ್ಲ.

ಸತ್ಯಾಶ್ರಯನಿಗೆ ರನ್ನನು ಕಲಿಸಿದ ಪಾಠವು ಇದೆಂದು ನಾವು ತಿಳಿಯುತ್ತೇವೆ. ಅವನನ್ನು ಭೀಮನೆಂದು ಹೊಗಳಿದ ಕವಿಯೇ, ಆ ಭೀಮನು ಕೊಲ್ಲಬೇಕಾದ ವೈರಿಯ ಅಂತರಂಗವನ್ನು ಅವನ ಮುಂದೆ ತೆರೆದಿಟ್ಟನು. ದುರ್ಯೋಧನನ ಅನ್ಯಾಯವನ್ನು ರನ್ನನು ಎಲ್ಲಿಯೂ ಮರೆಮಾಡುವದಿಲ್ಲ; ದ್ರೌಪದಿಯ ಮುಡಿಯ ಸೇಡನ್ನು ಅಲ್ಲಗಳೆಯುವದೂ ಇಲ್ಲ. ಯುದ್ಧವು ನಡೆಯಬೇಕಾದದ್ದೇ, ಅಪರಾಧಿಯು ಬೀಳಬೇಕಾದದ್ದೇ. ಆದರೂ ಬೀಳುವವನು ಮನುಷ್ಯನು; ಅವನಿಗೂ ತಮ್ಮನಿದ್ದಾನೆ, ಮಗನಿದ್ದಾನೆ, ಗೆಳೆಯನಿದ್ದಾನೆ. ಗೆಲ್ಲುವವನು ಇದನ್ನು ಅರಿತು ಗೆಲ್ಲಬೇಕು. ಮುಖಸ್ತುತಿಯಿಂದ ಹೊಟ್ಟೆ ಹೊರೆಯುವ ಕವಿಯಾಗಿದ್ದರೆ ಇಂಥ ದುರ್ಯೋಧನನನ್ನು ಚಿತ್ರಿಸುವ ಧೈರ್ಯವು ಅವನಿಗೆ ಬರುತ್ತಿರಲಿಲ್ಲ.

ಈ ಅರಿವು ಇಲ್ಲದಾಗ ಯುದ್ಧವು ಏನಾಗುವದೆಂಬುದನ್ನು ಅದೇ ಕಾಲದ ಶಾಸನವೊಂದು ಹೇಳುವದು. ಸತ್ಯಾಶ್ರಯನು 997ರಿಂದ 1008ರ ವರೆಗೆ ರಾಜ್ಯವಾಳಿದನು. ಅವನ ಕಾಲದಲ್ಲಿ ಚೋಳರ ದಂಡು ನಾಡನ್ನು ಹೊಕ್ಕು, ವಿಜಯಪುರ ಸೀಮೆಯ ದೋಣೂರಿನಲ್ಲಿ ಬೀಡುಬಿಟ್ಟು, ಹೆಂಗಸರು ಮಕ್ಕಳೆನ್ನದೆ ಕೊಂದಿತೆಂದು 1007ರ ಹೊಟ್ಟೂರು ಶಾಸನವು ದೂರುವದು. ಇದು ಒಂದು ಪಕ್ಷದವರ ಹೇಳಿಕೆಯೆಂಬುದನ್ನು ನಾವು ಬಲ್ಲೆವು. ಎಲ್ಲ ರಾಜವಂಶಗಳ ಸೈನ್ಯಗಳೂ ಇಂಥ ಪಾಪಕ್ಕೆ ಕೈಹಾಕಿದ್ದುಂಟು. ಈ ವಿಷಯದಲ್ಲಿ ಒಬ್ಬರು ಇನ್ನೊಬ್ಬರ ಮೇಲೆ ಬೆರಳೆತ್ತಲಾರರು. ಕಾವ್ಯವನ್ನು ಕೇಳಿದ ದೊರೆಯ ದಂಡು ನಿಷ್ಕಲಂಕವಾಗಿತ್ತೆಂದು ವಾದಿಸುವದೂ ನಮ್ಮ ಉದ್ದೇಶವಲ್ಲ. ಒಂದು ಕಾವ್ಯದಿಂದ ಜಗತ್ತು ತಿದ್ದಲಾರದು. ಆದರೆ ತಪ್ಪನ್ನು ತಪ್ಪೆಂದು ಕಾಣುವ ಕಣ್ಣು ಯೋಧನಿಗೆ ಮೊದಲೇ ಬಂದಿರದಿದ್ದರೆ, ಕಾಳಗದ ಹೊಗೆಯಲ್ಲಿ ಅದು ಬರುವ ಸಂಭವವಿಲ್ಲ.

ಕಾವ್ಯವು ಯೋಧನನ್ನು ಅಂಜುಬುರುಕನನ್ನಾಗಿ ಮಾಡುವದೆಂಬ ಆಕ್ಷೇಪಕ್ಕೆ ಚಾವುಂಡರಾಯನ ಬಾಳೇ ಸಾಕಾದ ಉತ್ತರ. ಓದಿದ್ದರಿಂದ ಅವನ ತೋಳಿನ ಬಲವು ಕುಂದಲಿಲ್ಲ. ಇನ್ನು ಉತ್ಸಾಹದ ಹಾಡುಗಳಷ್ಟೇ ಸಾಕೆನ್ನುವವರು, ರನ್ನನು ಭೀಮನ ಆರ್ಭಟದೊಡನೆ ದುರ್ಯೋಧನನ ಕಣ್ಣೀರನ್ನೂ ಏಕೆ ಇಟ್ಟನೆಂದು ವಿಚಾರಿಸಿ ನೋಡಲಿ. ಆಜ್ಞೆಯನ್ನು ಪಾಲಿಸುವದನ್ನು ಕವಾಯತು ಕಲಿಸುವದು. ನೂರು ಜನರ ಪ್ರಾಣವನ್ನು ಕೈಯಲ್ಲಿ ಹಿಡಿದು, ಏನನ್ನು ಆಜ್ಞಾಪಿಸಬೇಕು, ಏನನ್ನು ಆಜ್ಞಾಪಿಸಬಾರದು ಎಂದು ನಿರ್ಣಯಿಸುವ ಅಧಿಕಾರಿಗೆ ಅಷ್ಟರಿಂದ ಸಾಲದು.

ಈ ಮಾತು ಗತಕಾಲದ ಪುರಾಣವಾಗಿ ಉಳಿಯತಕ್ಕದ್ದಲ್ಲ. ಖಡಕವಾಸಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ತರುಣರು ಶಸ್ತ್ರಶಿಕ್ಷಣದೊಡನೆ ಜವಾಹರಲಾಲ ನೆಹರೂ ವಿಶ್ವವಿದ್ಯಾಲಯದ ಪದವಿಗಾಗಿಯೂ ಓದುವರು. ವಿಜ್ಞಾನದೊಡನೆ ಮಾನವಿಕ ವಿಷಯಗಳಿಗೂ ಅಲ್ಲಿ ಸ್ಥಳವುಂಟು. ಅಂಥ ಸೇವೆಗೆ ಬಾಲಕರನ್ನು ಅಣಿಗೊಳಿಸಲೆಂದು 1963ರಲ್ಲಿ ಸ್ಥಾಪಿತವಾದ ಸೈನಿಕ ಶಾಲೆಯು ಮುಧೋಳಕ್ಕೆ ಬಹುದೂರವಲ್ಲದ ವಿಜಯಪುರದಲ್ಲಿಯೇ ಇರುವದು. ಇಂಥ ಸಂಸ್ಥೆಗಳಲ್ಲಿ ಸಾಹಿತ್ಯವನ್ನು ಕಲಿಸುವ ಅಧ್ಯಾಪಕನು ತನ್ನನ್ನು ಹೆಚ್ಚಿನವನೆಂದಾಗಲಿ ಕಡಿಮೆಯವನೆಂದಾಗಲಿ ತಿಳಿಯಬೇಕಾದುದಿಲ್ಲ. ಅಜಿತಸೇನರು ಕುಳಿತ ಪೀಠದಲ್ಲಿ ತಾನು ಕುಳಿತಿದ್ದೇನೆಂಬುದನ್ನು ಅವನು ನೆನೆದರೆ ಸಾಕು. ಪರೀಕ್ಷೆಯ ಅಂಕಗಳಿಗಾಗಿ ನಾಲ್ಕು ಪದ್ಯಗಳ ಅರ್ಥವನ್ನು ಬಾಯಿಪಾಠ ಮಾಡಿಸಿ ಬಿಡದೆ, ದುರ್ಯೋಧನನು ಅಭಿಮನ್ಯುವಿನ ಮುಂದೆ ನಿಂತ ಆ ಕ್ಷಣದಲ್ಲಿ ಶಿಷ್ಯರನ್ನೂ ಅರೆಗಳಿಗೆ ನಿಲ್ಲಿಸಲಿ.

ಮುಧೋಳದ ಜನರು ರನ್ನನ ಹೆಸರನ್ನು ಅಭಿಮಾನದಿಂದ ಹೇಳಿಕೊಳ್ಳುವರು, ಅದು ಯೋಗ್ಯವೇ. ಆದರೆ ಉತ್ಸವ ಮೆರವಣಿಗೆಗಳಿಂದಷ್ಟೇ ಕವಿಯ ಋಣವು ತೀರುವದಿಲ್ಲ. ಆ ಸೀಮೆಯ ಹಳ್ಳಿಗಳಿಂದ ಸೈನ್ಯಕ್ಕೆ ಹೊರಡುವ ಒಬ್ಬೊಬ್ಬ ಹುಡುಗನೂ ಗದಾಯುದ್ಧದ ಕಥೆಯನ್ನು ತಿಳಿಗನ್ನಡದಲ್ಲಾದರೂ ಓದಿ ಹೋಗುವಂತೆ ಅಲ್ಲಿಯ ಶಾಲೆಗಳೂ ವಾಚನಾಲಯಗಳೂ ಮಾಡಿದರೆ, ಬಳೆಗಾರರ ಮಗನು ಪಟ್ಟ ಶ್ರಮವು ಸಾರ್ಥಕವಾಗುವದು. ನಾಡನ್ನು ಕಾಯುವ ಕೈ ಬಲವಾಗಿರಲಿ. ಆ ಕೈಯನ್ನು ನಡೆಯಿಸುವ ಮನಸ್ಸು ರನ್ನನ ಓದಿನಿಂದ ಹದಗೊಂಡಿರಲಿ ಎಂದು ನಾವು ಹಾರೈಸುತ್ತೇವೆ.