ಕುರಿಹಟ್ಟಿಯಲ್ಲಿ ಕಲಿತ ವೈದ್ಯರು

ಮಕ್ಕಳೇ, ಕರು ಹಾಕಿದ ಹಸು ಹಾಲು ಕೊಡುವುದನ್ನು ನೀವು ನೋಡಿದ್ದೀರಿ. ಕೆಲವು ತಿಂಗಳು ಕಳೆದ ಮೇಲೆ ಆ ಹಾಲು ಬತ್ತುತ್ತದೆ. ಹಾಲು ಬರಬೇಕಾದ ಕಾಲ ಯಾವುದು, ನಿಲ್ಲಬೇಕಾದ ಕಾಲ ಯಾವುದು ಎಂದು ಕೆಚ್ಚಲಿಗೆ ಹೇಗೆ ತಿಳಿಯುತ್ತದೆ? ಈ ಪ್ರಶ್ನೆಯ ಬೆನ್ನುಹತ್ತಿ ಒಬ್ಬ ತಾಯಿಯ ಆಯುಸ್ಸನ್ನು ಹೆಚ್ಚಿಸಿದ ವೈದ್ಯರೊಬ್ಬರ ಜೀವನವನ್ನು ಈ ಪಾಠದಲ್ಲಿ ಓದಿರಿ. ಅವರ ಹೆಸರು ಜಾರ್ಜ್ ಥಾಮಸ್ ಬೀಟ್ಸನ್.

ಬೀಟ್ಸನ್ ಅವರು 1848ರಲ್ಲಿ ನಮ್ಮ ನೆರೆಯ ಶ್ರೀಲಂಕಾದ ತ್ರಿಂಕೋಮಲಿಯಲ್ಲಿ ಜನಿಸಿದರು. ಆಗ ಆ ದ್ವೀಪಕ್ಕೆ ಸಿಲೋನ್ ಎಂಬ ಹೆಸರಿತ್ತು. ತಂದೆ ಸೈನ್ಯದ ವೈದ್ಯರಾಗಿದ್ದರು. ಮಗನೂ ಕೇಂಬ್ರಿಜ್ ಮತ್ತು ಎಡಿನ್‌ಬರೋ ನಗರಗಳಲ್ಲಿ ಓದಿ ವೈದ್ಯನಾದನು. ಗಾಯ ಕೀವಾಗದಂತೆ ಶಸ್ತ್ರಚಿಕಿತ್ಸೆ ಮಾಡುವ ವಿಧಾನವನ್ನು ಜಗತ್ತಿಗೆ ತೋರಿಸಿದ ಜೋಸೆಫ್ ಲಿಸ್ಟರ್ ಅವರ ಕೈಕೆಳಗೆ ಬೀಟ್ಸನ್ ಕೆಲಸ ಮಾಡಿದರು.

ಒಮ್ಮೆ ಅವರು ಸ್ಕಾಟ್ಲೆಂಡಿನ ಹಳ್ಳಿಗಾಡಿನಲ್ಲಿ ಒಬ್ಬ ರೋಗಿಯನ್ನು ನೋಡಿಕೊಳ್ಳಲು ಉಳಿದಿದ್ದರು. ಹತ್ತಿರದಲ್ಲೇ ದೊಡ್ಡ ಕುರಿಹಟ್ಟಿ ಇತ್ತು. ಅಲ್ಲಿ ಮರಿಗಳಿಗೆ ಹಾಲು ಬಿಡಿಸುವುದನ್ನು ಅವರು ಕುತೂಹಲದಿಂದ ನೋಡಿದರು. ಹಾಲು ಹೇಗೆ ಉಂಟಾಗುತ್ತದೆ ಎಂಬುದನ್ನೇ ತಮ್ಮ ಪ್ರಬಂಧದ ವಿಷಯವಾಗಿ ಆರಿಸಿಕೊಂಡರು. ಕೆಲವು ದೇಶಗಳ ರೈತರು ಕರು ಹಾಕಿದ ಹಸುವಿನ ಅಂಡಾಶಯಗಳನ್ನು ತೆಗೆಸುತ್ತಾರೆ, ಆಗ ಹಸು ಬಹುಕಾಲ ಹಾಲು ಕೊಡುತ್ತದೆ ಎಂಬ ಸಂಗತಿ ಅವರಿಗೆ ತಿಳಿಯಿತು. ಅಂಡಾಶಯಗಳೆಂದರೆ ಹೆಣ್ಣಿನ ಕಿಬ್ಬೊಟ್ಟೆಯೊಳಗಿರುವ ಎರಡು ಸಣ್ಣ ಅಂಗಗಳು. ಅವು ಎಲ್ಲಿ, ಕೆಚ್ಚಲು ಎಲ್ಲಿ! ದೂರದ ಒಂದು ಅಂಗ ಇನ್ನೊಂದು ಅಂಗವನ್ನು ಆಳುತ್ತಿದೆಯೆಂದು ಬೀಟ್ಸನ್ ಯೋಚಿಸಿದರು.

ಮುಂದೆ ಅವರು ಗ್ಲಾಸ್ಗೋ ನಗರದ ಕ್ಯಾನ್ಸರ್ ಆಸ್ಪತ್ರೆಯನ್ನು ಸೇರಿದರು. ಕ್ಯಾನ್ಸರ್ ಎಂದರೆ ನಮ್ಮ ದೇಹದ ಜೀವಕೋಶಗಳು ಮಿತಿಮೀರಿ ಬೆಳೆಯುವ ರೋಗ. 1895ರಲ್ಲಿ 33 ವರ್ಷದ ಮಹಿಳೆಯೊಬ್ಬರು ಅವರ ಬಳಿಗೆ ಬಂದರು. ಅವರು ಮಕ್ಕಳ ತಾಯಿ. ಸ್ತನದ ಕ್ಯಾನ್ಸರಿಗಾಗಿ ಮೊದಲೇ ಶಸ್ತ್ರಚಿಕಿತ್ಸೆ ಆಗಿದ್ದರೂ ಗಡ್ಡೆ ಮತ್ತೆ ಬೆಳೆದು ಎದೆಯ ಮೇಲೆ ಹರಡಿತ್ತು. ಬೇರೆ ದಾರಿಯೇ ಇರಲಿಲ್ಲ. ಬೀಟ್ಸನ್ ಅವರಿಗೆ ಹಳೆಯ ಪಾಠ ನೆನಪಾಯಿತು. ತಮ್ಮ ಆಲೋಚನೆಯನ್ನು ಆಕೆಗೂ ಪತಿಗೂ ವಿವರಿಸಿದರು. ಆಕೆ ಧೈರ್ಯದಿಂದ ಒಪ್ಪಿದರು. ಜೂನ್ 15ರಂದು ಅವರ ಅಂಡಾಶಯಗಳನ್ನು ತೆಗೆದರು. ಎಂಟು ತಿಂಗಳಲ್ಲಿ ಗಡ್ಡೆಗಳು ಕಾಣದಂತಾದವು! ಆದರೆ ರೋಗ ಮುಂದೆ ಮರುಕಳಿಸಿತು. ಆದರೂ ಆ ತಾಯಿ ಶಸ್ತ್ರಚಿಕಿತ್ಸೆಯ ನಂತರ ಸುಮಾರು ನಾಲ್ಕು ವರ್ಷ ಬದುಕಿದರು.

1896ರಲ್ಲಿ ಬೀಟ್ಸನ್ ತಮ್ಮ ಅನುಭವವನ್ನು ಪ್ರಕಟಿಸಿದರು. ಬೇರೆ ವೈದ್ಯರೂ ಇದನ್ನು ಮಾಡಿ ನೋಡಿದರು. ಮೂವರಲ್ಲಿ ಒಬ್ಬರಿಗೆ ಮಾತ್ರ ಗುಣ ಕಂಡಿತು. ಹೀಗೇಕೆ ಎಂಬುದು ಆಗ ಯಾರಿಗೂ ತಿಳಿಯಲಿಲ್ಲ. ಹಾರ್ಮೋನು ಎಂಬ ಪದವೇ ಹುಟ್ಟಿದ್ದು 1905ರಲ್ಲಿ.

ಈಗ ಕಾರಣ ತಿಳಿದಿದೆ. ಅಂಡಾಶಯಗಳು ಈಸ್ಟ್ರೋಜನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಅದು ಬೀಗದ ಕೈಯಂತೆ. ಜೀವಕೋಶದೊಳಗಿನ ಒಂದು ಪ್ರೋಟೀನು ಬೀಗದಂತೆ. ಕೈ ಬೀಗಕ್ಕೆ ಕೂಡಿದಾಗ ಜೀವಕೋಶ ಬೆಳೆಯುತ್ತದೆ. ಅರ್ಧಕ್ಕಿಂತ ಹೆಚ್ಚಿನ ಸ್ತನ ಕ್ಯಾನ್ಸರುಗಳಲ್ಲಿ ಈ ಬೀಗ ಇರುತ್ತದೆ. ಬೀಗವಿಲ್ಲದ ಕ್ಯಾನ್ಸರಿಗೆ ಅಂಡಾಶಯ ತೆಗೆದರೆ ಪ್ರಯೋಜನವಿಲ್ಲ.

ಜೀವಕೋಶದಲ್ಲಿ ಎಷ್ಟು ಬೀಗಗಳಿರಬೇಕೆಂದು ನೋಡಿಕೊಳ್ಳುವವರೂ ಇದ್ದಾರೆ. ಅವರೇ ಕಿಣ್ವಗಳು. ಕೆಲವು ಕಿಣ್ವಗಳು ಹಳೆಯ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ ಗುರುತು ಅಂಟಿಸುತ್ತವೆ. ಗುರುತು ಬಿದ್ದ ಪ್ರೋಟೀನನ್ನು ಜೀವಕೋಶ ಒಡೆದುಹಾಕುತ್ತದೆ. ಬೇರೆ ಕೆಲವು ಕಿಣ್ವಗಳು ಆ ಗುರುತನ್ನು ಕಿತ್ತು ಪ್ರೋಟೀನನ್ನು ಉಳಿಸುತ್ತವೆ. ಈ ಲೆಕ್ಕ ತಪ್ಪಿದರೆ ಬೀಗಗಳು ಹೆಚ್ಚಾಗಿ ಕ್ಯಾನ್ಸರಿಗೆ ಬಲ ಬರಬಹುದು. ಆ ಕಿಣ್ವಗಳನ್ನು ತಡೆಯುವ ಔಷಧಿಗಳಿಗಾಗಿ ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಬೀಗಕ್ಕೆ ಅಡ್ಡ ಕೂರುವ ಟಮಾಕ್ಸಿಫೆನ್ ಎಂಬ ಮಾತ್ರೆ 1970ರ ದಶಕದಿಂದಲೇ ಬಳಕೆಯಲ್ಲಿದೆ. ಅನೇಕರು ಅದರಿಂದ ಬದುಕಿದ್ದಾರೆ.

ಬೀಟ್ಸನ್ ಅವರು 1933ರಲ್ಲಿ ತೀರಿಕೊಂಡರು. ಗ್ಲಾಸ್ಗೋದ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗೆ ಇಂದು ಅವರದೇ ಹೆಸರಿದೆ.

ಮಕ್ಕಳೇ, ಕ್ಯಾನ್ಸರ್ ಅಂಟುರೋಗವಲ್ಲ. ರೋಗಿಯೊಡನೆ ಕುಳಿತು ಊಟ ಮಾಡಿದರೆ, ಕೈ ಹಿಡಿದರೆ ಅದು ನಮಗೆ ಬರುವುದಿಲ್ಲ. ಎದೆಯಲ್ಲಿ ಗಂಟು ಕಂಡರೆ ಮುಚ್ಚಿಡದೆ ಬೇಗನೆ ವೈದ್ಯರಿಗೆ ತೋರಿಸಬೇಕು. ಈ ಮಾತನ್ನು ನಿಮ್ಮ ಮನೆಯ ಹಿರಿಯರಿಗೆ ತಿಳಿಸಿರಿ. ಕುರಿಹಟ್ಟಿಯಲ್ಲಿ ಕಂಡದ್ದನ್ನು ಬೀಟ್ಸನ್ ಮರೆಯಲಿಲ್ಲ. ನೀವೂ ನಿಮ್ಮ ಸುತ್ತಲಿನ ಹೊಲ, ಹಟ್ಟಿ, ಕೊಟ್ಟಿಗೆಗಳನ್ನು ಗಮನವಿಟ್ಟು ನೋಡಿರಿ. ಕಂಡದ್ದು ಏಕೆ ಹಾಗಿದೆ ಎಂದು ಕೇಳಿರಿ.