ಪಂಡಿತ ಮಲ್ಲಿಕಾರ್ಜುನ ಮನಸೂರರು ಮತ್ತು ಕೇಳುಗರ ಸ್ಮರಣೆ

ಧಾರವಾಡದ ಸಮೀಪದ ಮನಸೂರ ಗ್ರಾಮದಲ್ಲಿ 1910ನೆಯ ಇಸವಿ ಡಿಸೆಂಬರ್ 31ರಂದು ಜನಿಸಿದ ಮಲ್ಲಿಕಾರ್ಜುನರು ಬಾಲ್ಯದಲ್ಲಿಯೇ ನಾಟಕ ಮಂಡಳಿಯನ್ನು ಸೇರಿ, ಪಾತ್ರ ವಹಿಸಿ ಹಾಡುತ್ತಿದ್ದರು. ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತವನ್ನೂ, ಬಳಿಕ ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯ ಗಾಯನವನ್ನೂ ಅಭ್ಯಸಿಸಿದರು. ಧ್ವನಿಮುದ್ರಿಕೆಗಳಿಂದ ಹೆಸರು ಗಳಿಸಿದ ಮೇಲೆಯೂ ಅವರು ಜಯಪುರ-ಅತ್ರೌಲಿ ಘರಾಣೆಯ ಮಂಜಿಖಾನರೆದುರು ಮತ್ತೆ ಶಿಷ್ಯರಾಗಿ ಕುಳಿತರು. ಕಿವಿಯಲ್ಲಿ ನೆಲೆಯೂರಿದ ಒಂದು ಪದ್ಧತಿಯ ಮೇಲೆ ಇನ್ನೊಂದನ್ನು ಪ್ರತಿಷ್ಠಾಪಿಸುವುದು ಹೊಸದಾಗಿ ಕಲಿಯುವುದಕ್ಕಿಂತ ಕಠಿಣವಾದುದು. 1937ರಲ್ಲಿ ಮಂಜಿಖಾನರು ದಿವಂಗತರಾಗಲು, ಅವರ ಸೋದರ ಭುರ್ಜಿಖಾನರಲ್ಲಿ ಆ ಶಿಕ್ಷಣ ಮುಂದುವರಿಯಿತು.

ಈ ಘರಾಣೆಯ ಅಪರೂಪದ ರಾಗಗಳು ಕೇಳುಗನ ನೆನಪನ್ನೇ ಆಧಾರವಾಗಿಟ್ಟುಕೊಂಡಿವೆ. ಮಾಲಕಂಸದಲ್ಲಿ ರಿಷಭ, ಪಂಚಮಗಳಿಲ್ಲ. ಆ ರಾಗವನ್ನು ಬಲ್ಲವನ ಕಿವಿ ಮಧ್ಯಮದಿಂದ ನೇರವಾಗಿ ಕೋಮಲ ಧೈವತವನ್ನೇ ಎದುರುನೋಡುತ್ತದೆ. ಸಂಪೂರ್ಣ ಮಾಲಕಂಸದಲ್ಲಿ ಆ ಎರಡು ಸ್ವರಗಳೂ ಬಂದಾಗ ಅವನು ಬೆಚ್ಚಿಬೀಳುತ್ತಾನೆ. ಮಾಲಕಂಸವನ್ನೇ ಅರಿಯದವನಿಗೆ ಅದು ಕೇವಲ ಏಳು ಸ್ವರಗಳ ರಾಗ, ಅಷ್ಟೆ! ಬಸಂತಿ ಕೇದಾರವೂ ಹಾಗೆಯೇ. ಬಸಂತದ ಕೋಮಲ ಸ್ವರಗಳಲ್ಲಿ ಮನಸ್ಸು ನೆಲೆಗೊಳ್ಳುತ್ತಿರುವಾಗಲೇ ಕೇದಾರದ ಶುದ್ಧ ಮಧ್ಯಮ ಎದುರಾಗುತ್ತದೆ. ಎರಡು ರಾಗಗಳ ಬೆಸುಗೆ ಕಾಣದಂತೆ ಹಾಡುವುದರಲ್ಲಿ ಮನಸೂರರು ಅಸಾಮಾನ್ಯರಾಗಿದ್ದರು. ಉಸಿರು ಬಿಡದೆ ಒಂದರೊಳಗೊಂದು ಹೆಣೆದುಕೊಳ್ಳುವ ತಾನುಗಳಲ್ಲಿ, ಮುಂದಿನ ಸ್ವರವನ್ನು ಊಹಿಸಿದವನ ಊಹೆ ಅರ್ಧ ನಿಜವಾಗುತ್ತಿತ್ತು, ಅರ್ಧ ತಪ್ಪುತ್ತಿತ್ತು.

ಪರಿಚಿತ ರಾಗಗಳನ್ನೇ ಬಯಸುವ ಸಭಿಕರ ಮುಂದೆ ಇಂಥ ಗಾಯನಕ್ಕೆ ಮನ್ನಣೆ ನಿಧಾನವಾಗಿಯೇ ದೊರೆಯಬೇಕಾಯಿತು. ಪದ್ಮಶ್ರೀ ಬಂದುದು 1970ರಲ್ಲಿ, ಅವರ ಅರುವತ್ತರ ಸುಮಾರಿಗೆ. 1976ರಲ್ಲಿ ಪದ್ಮಭೂಷಣ, 1992ರಲ್ಲಿ ಪದ್ಮವಿಭೂಷಣ. ಅವರಾದರೋ ಸಭೆಗಾಗಿ ದಾರಿ ಬದಲಿಸಲಿಲ್ಲ. ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳಲ್ಲಿ ಅವರಿಗೆ ಅಪಾರ ಭಕ್ತಿ. ಮನೆಗೂ ಮೃತ್ಯುಂಜಯವೆಂದೇ ಹೆಸರು. ಶರಣರ ವಚನಗಳನ್ನು ಹಾಡುವಾಗ ಮಾತ್ರ ಅವರ ಮುಂದಿದ್ದ ನೆನಪು ಬೇರೆ ಬಗೆಯದು: ಮಾತುಗಳು ಕನ್ನಡಿಗರಿಗೆ ಮೊದಲೇ ಕಂಠಸ್ಥ, ರಾಗವೊಂದೇ ಹೊಸತು. ಬಾಯಿಪಾಠದಿಂದ ಸವೆದ ಮಾತು ಸ್ವರದ ಬಲದಿಂದ ಮೊದಲ ಸಲ ಕೇಳಿದಂತಾಗುತ್ತಿತ್ತು.

1992ರ ಸೆಪ್ಟೆಂಬರ್ 12ರಂದು ಅವರು ಲಿಂಗೈಕ್ಯರಾದರು. ಉಳಿದ ಮುದ್ರಣಗಳನ್ನು ಮತ್ತೆ ಮತ್ತೆ ಕೇಳಿದವರಿಗೆ ಇಂದು ಯಾವ ತಾನು ಎಲ್ಲಿ ತಿರುಗುವುದೆಂಬುದೂ ಕಂಠಸ್ಥವಾಗಿದೆ. ಎದುರಿಗೆ ಕುಳಿತು ಕೇಳಿದವರಿಗೆ ಆ ಭರವಸೆ ಇರಲಿಲ್ಲ.