ಸಾವಿರ ಓಲೆಗ್ರಂಥಗಳ ದಾನಿ ಅತ್ತಿಮಬ್ಬೆ

ಹತ್ತನೆಯ ಶತಮಾನದ ಕನ್ನಡ ನಾಡಿನಲ್ಲಿ ದಂಡನಾಯಕರ ಮನೆಗೆ ಸಿರಿಯೂ ಸಾವೂ ರಣರಂಗದಿಂದಲೇ ಬರುತ್ತಿದ್ದವು. ಎರಡನ್ನೂ ಕಂಡ ಅತ್ತಿಮಬ್ಬೆ ಆ ಸಿರಿಯನ್ನು ಗ್ರಂಥಗಳಿಗೂ ಬಸದಿಗಳಿಗೂ ವ್ಯಯಿಸಿ ‘ದಾನಚಿಂತಾಮಣಿ’ ಎನಿಸಿಕೊಂಡಳು.

ವೆಂಗಿ ನಾಡಿನ ಮೂಲದ ಜೈನ ಕುಟುಂಬ ಆಕೆಯದು. ತಂದೆ ಮಲ್ಲಪ ಮತ್ತು ಆತನ ಸೋದರ ಪುನ್ನಮಯ್ಯ ತಮ್ಮ ಗುರು ಜಿನಚಂದ್ರದೇವರ ಸ್ಮರಣೆಗಾಗಿ ಪೊನ್ನ ಕವಿಯಿಂದ ‘ಶಾಂತಿಪುರಾಣ’ವನ್ನು ಬರೆಸಿದ್ದರು. ಪುನ್ನಮಯ್ಯ ಕಾವೇರಿ ತೀರದ ಕಾಳಗವೊಂದರಲ್ಲಿ ಮಡಿದ.

ಕಲ್ಯಾಣ ಚಾಲುಕ್ಯ ದೊರೆ ಇಮ್ಮಡಿ ತೈಲಪನ ಮಂತ್ರಿ ಧಲ್ಲಪನ ಮಗ ನಾಗದೇವನನ್ನು ಅತ್ತಿಮಬ್ಬೆಯೂ ತಂಗಿ ಗುಂಡಮಬ್ಬೆಯೂ ವರಿಸಿದ್ದರು. ಸೇನಾನಿಯಾಗಿದ್ದ ನಾಗದೇವನೂ ಯುದ್ಧದಲ್ಲಿ ಅಸುನೀಗಿದ. ಗುಂಡಮಬ್ಬೆ ಸಹಗಮನ ಮಾಡಿದಳು. ಮಗ ಅಣ್ಣಿಗದೇವನ ಹೊಣೆ ಹೊತ್ತ ಅತ್ತಿಮಬ್ಬೆ ಬದುಕುವುದನ್ನು ಆರಿಸಿಕೊಂಡು, ವ್ರತನಿಯಮಗಳ ಸರಳ ಜೀವನ ನಡೆಸಿದಳು. ಮಗನೂ ಮುಂದೆ ಚಾಲುಕ್ಯರ ಸೇನಾನಿಯಾದ.

ಅಂದು ಕಾವ್ಯ ಉಳಿಯುತ್ತಿದ್ದುದು ಪ್ರತಿ ಮಾಡುವವರ ಕೈಯಲ್ಲಿ. ತಾಳೆಗರಿಯ ಮೇಲೆ ಒಂದೊಂದೇ ಅಕ್ಷರ ಕೊರೆಯಬೇಕಿತ್ತು. ಹಳೆಯ ಗರಿ ಹುಳು ಹಿಡಿಯುವ ಮುನ್ನ ಹೊಸ ಪ್ರತಿ ಸಿದ್ಧವಾಗದಿದ್ದರೆ ಕೃತಿಯೇ ಅಳಿಯುತ್ತಿತ್ತು. ಪೊನ್ನನಿಗೆ ಆಶ್ರಯವಿತ್ತ ರಾಷ್ಟ್ರಕೂಟರ ಆಳ್ವಿಕೆ 973ರಲ್ಲಿ ಕೊನೆಗೊಂಡಿತ್ತು. ತವರಿನವರು ಬರೆಸಿದ ಆ ಕಾವ್ಯದ 1000 ಪ್ರತಿಗಳನ್ನು ಅತ್ತಿಮಬ್ಬೆ ಮಾಡಿಸಿ ಹಂಚಿದಳು. ಜರ್ಮನಿಯಲ್ಲಿ ಗುಟೆನ್‌ಬರ್ಗ್ 1450ರ ದಶಕದಲ್ಲಿ ಅಚ್ಚು ಹಾಕಿದ ಬೈಬಲ್ಲಿನ ಪ್ರತಿಗಳು ಸುಮಾರು 180 ಎಂಬುದನ್ನು ನೆನೆದರೆ ಈ ಕಾರ್ಯದ ಗಾತ್ರ ಅರಿವಾಗುತ್ತದೆ. 1500 ಜಿನಬಿಂಬಗಳನ್ನೂ ಆಕೆ ದಾನವಿತ್ತಳೆಂಬ ಪ್ರಸಿದ್ಧಿಯಿದೆ.

ಮುಧೋಳದ ಬಳೆಗಾರರ ಕುಲದಲ್ಲಿ ಹುಟ್ಟಿದ ರನ್ನನಿಗೂ ಆಕೆ ಆಶ್ರಯದಾತೆ. ಆಕೆಯ ಪ್ರೇರಣೆಯಿಂದ ರನ್ನ 993ರಲ್ಲಿ ‘ಅಜಿತಪುರಾಣ’ವನ್ನು ಪೂರೈಸಿದ. ಆಕೆಯ ವಂಶದ ವೃತ್ತಾಂತ ಇಂದು ನಮಗೆ ದೊರೆಯುವುದು ಬಹುಪಾಲು ಆ ಕಾವ್ಯದಿಂದಲೇ.

ಗದಗ ಸಮೀಪದ ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬ್ರಹ್ಮಜಿನಾಲಯ ಇಂದಿಗೂ ನಿಂತಿದೆ. ಅಲ್ಲಿನ 1007ರ ಶಾಸನ ಆಕೆಯ ದಾನಗಳನ್ನು ಕೊಂಡಾಡುತ್ತದೆ. ಉಕ್ಕಿ ಹರಿಯುತ್ತಿದ್ದ ಗೋದಾವರಿ ಆಕೆಯ ಮಹಿಮೆಗೆ ಮಣಿದು ನಿಂತಿತೆಂಬ ಐತಿಹ್ಯವೂ ಪ್ರಚಲಿತವಾಗಿದೆ.

ಸಾಹಿತ್ಯದಲ್ಲಿ ಸಾಧನೆಗೈದ ಮಹಿಳೆಯರಿಗೆ ರಾಜ್ಯ ಸರ್ಕಾರ ನೀಡುವ ಪ್ರಶಸ್ತಿಗೆ ಆಕೆಯ ಹೆಸರಿದೆ. ಈ ಗೌರವದಲ್ಲಿ ಸರ್ಕಾರಕ್ಕಿಂತ ಸಾವಿರ ವರ್ಷ ಮೊದಲಿಗನಾದವನು ರನ್ನ. ತನ್ನ ಮಗನಿಗೆ ಚಾವುಂಡರಾಯನ ನೆನಪಿನಲ್ಲಿ ರಾಯನೆಂದು ಹೆಸರಿಟ್ಟ ಆ ಕವಿ, ಮಗಳನ್ನು ಅತ್ತಿಮಬ್ಬೆ ಎಂದು ಕರೆದ.